ಗಾಡಿ ಒಪ್ಪಿಸುವ ಮುಂಚೆ

ದುಡ್ಡು ಎಣಿಸಿದ್ದಾಯಿತು, ಧರಣೇಂದ್ರ. ಆರ್‌ಸಿ ಪುಸ್ತಕ
ಡ್ಯಾಶಿನ ಒಳಗಿದೆ, ಜಿಗಣೆಗೆಂದಿಟ್ಟ ಉಪ್ಪಿನ ಡಬ್ಬಿಯ ಕೆಳಗೆ.
ಕೀಲಿ ಕೊಡುವ ಮೊದಲು
ಒಂದು ಸುತ್ತು ಬಾ ನನ್ನ ಜೊತೆ.

ಎರಡನೇ ಗೇರು ಇಳಿಜಾರಲ್ಲಿ ಜಿಗಿಯುತ್ತದೆ.
ಕಟ್ಟಿನಹೊಳೆಯಿಂದ ಹತ್ತುವಾಗ ತೊಂದರೆಯಿಲ್ಲ,
ಇಳಿಯುವಾಗ ಮಂಡಿಯಲ್ಲಿ ಒತ್ತಿ ಹಿಡಿಯಬೇಕು.
ಎಡ ಮಂಡಿ. ಕ್ಲಚ್ಚೂ ಅದರ ಪಾಲಿಗೇ.
ಇಪ್ಪತ್ತೆರಡು ವರ್ಷದಲ್ಲಿ ಕ್ಲಚ್ ಪ್ಲೇಟು ಮೂರು ಸಲ ಹೊಸದಾಯಿತು,
ಮಂಡಿಯನ್ನೂ ಹೊಸದು ಮಾಡಬಹುದಂತೆ, ಶಿವಮೊಗ್ಗದಲ್ಲೇ.
ಡಾಕ್ಟರು ರೇಟು ಹೇಳಿದರು.
ನೀನು ಕೊಟ್ಟದ್ದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಕೊಂಡ ಹೊಸತರಲ್ಲಿ ನಾನೂ ನಿನ್ನ ಹಾಗೆಯೇ:
ಆರು ಲೈಟು, ಕೋಣದ ಕೊಂಬಿನಂಥ ಬಂಪರು,
ಉದ್ದ ಶ್ಯಾಕಲ್ ಹಾಕಿಸಿ ಮೈ ಎರಡಿಂಚು ಎತ್ತಿಸಿದ್ದೆ.
ಎತ್ತಿದ್ದೇ ತಡ ಪ್ರೊಪೆಲ್ಲರ್ ಶಾಫ್ಟು ನಡುಗತೊಡಗಿ
ಆಯನೂರು ಬರುವಷ್ಟರಲ್ಲಿ ಕನ್ನಡಿ ಕಳಚಿಬಿತ್ತು.
ಆಟೋ ಕಾಂಪ್ಲೆಕ್ಸಿನ ಜಬೀವುಲ್ಲಾ, ಅಡಿಯಲ್ಲಿ ಮಲಗಿದಲ್ಲಿಂದಲೇ:
“ಡಾಕ್ಟರಮ್ಮ, ದನಕ್ಕೆ ಕೊಂಬೆಣಸು ಕಟ್ಟೋ ಮೊದಲು
ಬಾಯಿ ಬಿಡಿಸಿ ಹಲ್ಲು ನೋಡಲ್ವಾ ನೀವು?”

ನೋಡಿದೆವು. ಡಿಫರೆನ್ಷಿಯಲ್ಲಿನ ಹಲ್ಲು, ಎರಡರ ತುದಿ ಹಾರಿತ್ತು.
ಎಣ್ಣೆಗೆ ಹಾಲು ಹಾಕಿದ ಚಹಾದ ಬಣ್ಣ.
ಪ್ರತಿ ಹೊಳೆಯಲ್ಲೂ ನೀರು ಕುಡಿದಿತ್ತು ಪಾಪ,
ನನ್ನ ಉಳಿದ ರೋಗಿಗಳ ಹಾಗೆ, ಬಾಯಿ ಬಾರದ್ದು.
ಬಂಪರು ಬಿಚ್ಚಿ ಮಾರಿ ಹಲ್ಲು ಕೊಂಡೆವು.
ಬ್ರೀದರಿನ ಉಸಿರು ನೀರಿಗಿಂತ ಮೇಲಿರಲೆಂದು
ಈ ಪೈಪು, ನೋಡು, ಬಾನೆಟ್ಟಿನ ಮೂಲೆತನಕ ಬಂದಿದೆಯಲ್ಲ,
ದನಕ್ಕೆ ಡ್ರಿಪ್ ಹಾಕುವ ನಳಿಗೆ. ಸರ್ಕಾರದ್ದು.
ಯಾರಿಗೂ ಹೇಳಬೇಡ.

ವೀಲ್ ಬೇರಿಂಗಿಗೆ ಕಿವಿಗೊಡುತ್ತಿರು.
ನಾನು ಸ್ಟೆತಸ್ಕೋಪು ಇಟ್ಟು ಕೇಳುತ್ತಿದ್ದೆ. ಜಬೀವುಲ್ಲಾ
ಬಿದ್ದು ಬಿದ್ದು ನಕ್ಕ, ಮರುವಾರ ಎರವಲು ಒಯ್ದ,
ಇನ್ನೂ ಕೊಟ್ಟಿಲ್ಲ.

ಬುಶ್ಶು ಅಂಗಡಿಯಲ್ಲಿ ಕೊಳ್ಳಬೇಡ, ಒಂದು ಮಳೆಗಾಲಕ್ಕೆ ಸವೆಯುತ್ತದೆ.
ಭದ್ರಾವತಿಯಲ್ಲಿ ಆರೋಗ್ಯಸ್ವಾಮಿ ಅಂತ ಕೇಳು.
ಹಳೆಯದನ್ನು ಬೆರಳಲ್ಲಿ ಎರಡು ಸಲ ತಿರುವಿ
ಲೇತಿಗೆ ಕೂರುತ್ತಾರೆ, ಮಾತಿಲ್ಲ.
ಕೊಡುವಾಗ ಬಿಸಿಯಿರುತ್ತದೆ, ಕರವಸ್ತ್ರ ಒಯ್ಯಿ.

ಬೇಸಿಗೆಯಲ್ಲಿ ಹಿನ್ನೀರು ಇಳಿದ ಬಯಲಿಗೆ ನೀನು ಹೋಗಿಯೇ ಹೋಗುತ್ತೀ,
ಬೇಡವೆಂದರೆ ಕೇಳುವ ವಯಸ್ಸಲ್ಲ.
ಮೇಲೆ ಹಪ್ಪಳ, ಕೆಳಗೆ ಹಿಟ್ಟು, ಅದು ಆ ನೆಲದ ಗುಟ್ಟು.
ಟೈರಿನ ಗಾಳಿ ಹದಿನೆಂಟಕ್ಕೆ ಇಳಿಸು.
ನಾನು ಇಳಿಸಿದ್ದೆ. ಲಿವರ್ ಎಳೆದು ಫೋರ್‌ವೀಲ್, ಇನ್ನೊಂದೆಳೆದು ಲೋ,
ತುಳಿದೆ. ಹಿಂದಿನ ಚಕ್ರಗಳು ಹೊಂಡ ತೋಡುತ್ತ ಹೋದವು,
ಮುಂದಿನವೆರಡು ಮುನಿಸಿಕೊಂಡ ಬೀಗರ ಹಾಗೆ
ಕೂತಲ್ಲಿಂದ ಏಳಲಿಲ್ಲ.
ಮಧ್ಯಾಹ್ನವೆಲ್ಲ ಗೇರುಪೆಟ್ಟಿಗೆಯನ್ನು ಬೈದೆ.
ಸಂಜೆ ಹರಿಗೋಲು ತಲೆಮೇಲೆ ಹೊತ್ತ ಒಬ್ಬ ಮೀನಿನವ
ಬಗ್ಗಿ ನೋಡಿ, “ಹಬ್ಬು ಲಾಕ್ ಮಾಡೀರಾ?” ಅಂದ.
ಹಿಂದೆ ಕೊಡಚಾದ್ರಿ ಜೀಪಲ್ಲಿ ಕ್ಲೀನರ್ ಆಗಿದ್ದನಂತೆ.
ಹರಿಗೋಲು ಇಳಿಸದೆಯೇ ಕೇಳಿದ್ದು. ಅದು ಇನ್ನೂ ಚುಚ್ಚುತ್ತದೆ.

ಬಾ, ಇಲ್ಲಿ ಕುಕ್ಕರುಗಾಲಲ್ಲಿ ಕೂರು. ನನಗಾಗದು.
ಒಳಗೆ ಕೂತು ಎಳೆದ ಲಿವರು ಅರ್ಧ ಕೆಲಸ.
ಇಳಿಯಬೇಕು, ಕೆಸರಿರಲಿ, ಜಿಗಣೆಯಿರಲಿ,
ಚಕ್ರದ ನಡುವಿನ ಈ ಬಿಲ್ಲೆಯನ್ನು
ಬೆರಳಲ್ಲಿ ತಿರುಗಿಸಬೇಕು. ಎರಡೂ ಕಡೆ.
ಬಲದ್ದು ಸಲೀಸು. ಎಡದ್ದು ಹಟಮಾರಿ.
ಇಕ್ಕಳ ಬೇಡ, ಅಂಚು ಹಾರುತ್ತದೆ.
ಗಾಡಿಯನ್ನು ಚೂರು ಹಿಂದೆಮುಂದೆ ಆಡಿಸಿ, ಮತ್ತೆ.
ನಾನು ಬಾನೆಟ್ಟಿಗೆ ಒರಗಿ ನಿಂತಿರುತ್ತೇನೆ, ಅವಸರವಿಲ್ಲ.
ಟಕ್ ಅಂತ ಕೇಳಬೇಕು.

ಇನ್ನೂ ಕೇಳಿಲ್ಲ.
ತಿರುಗಿಸು.